ಶಾಂತಮ್ಮನ ನಿದ್ದೆಗುಳಿಗೆಗೆ ಹಾಕಿದ ನಂಬರು

ಗೆಳೆಯರೇ, ಆಸ್ಪತ್ರೆಯಲ್ಲಿ ಜನರ ರೋಗವನ್ನು ಅಂಕಿಗೆ ಇಳಿಸುವ ಈ ಗುಮಾಸ್ತ ಇಂದು ಸೋತ. ಶ್ರೀರಾಮನಗರದ ಶಾಂತಮ್ಮನ ಚೀಟಿಯಲ್ಲಿ ಡಾಕ್ಟರು ‘ನಿದ್ದೆಗುಳಿಗೆಯ ಚಟ’ ಎಂದು ಬರೆದಿದ್ದರು. ಪ್ರತಿ ರೋಗಕ್ಕೂ ಒಂದು ನಂಬರಿರುವ ಪುಸ್ತಕದಲ್ಲಿ ಅದನ್ನು ಹುಡುಕುತ್ತಿದ್ದೆ. ಆಕೆಯ ಜೊತೆ ಎದುರಿಗೆ ನಿಂತಿದ್ದ ಗಂಡ ನನ್ನ ಪೆನ್ನನ್ನೇ ಹಿಡಿದ.

“ಸಾಹೇಬ್ರ, ಚಟ ಅಂತ ಬರಿಬ್ಯಾಡ್ರಿ. ಕುಡುಕರ ಸಾಲಿನ್ಯಾಗ ಆಕಿನ್ನ ಕೂಡಿಸಬ್ಯಾಡ್ರಿ.”

“ಬರೇ ನಂಬರ್ ಬರೀತೀನ್ರಿ, ಯಾರಿಗೂ ತಿಳಿಯಂಗಿಲ್ಲ. ಯಾವಾಗಿಂದ ತಗೋತಾರ?”

ಶಾಂತಮ್ಮನೇ ಹೇಳಿದಳು: “ಮಗಳು ಕಾಲುವ್ಯಾಗ ಮುಳುಗಿದಾಗಿಂದ್ರಿ. ಅದಕ್ಕೂ ನಿಮ್ಮ ಪುಸ್ತಕದಾಗ ನಂಬರ್ ಐತೇನ್ರಿ?”

“ಐತ್ರಿ” ಎಂದುಬಿಟ್ಟೆ.

ಸುಳ್ಳಲ್ಲ. ಮುಳುಗಿ ಸತ್ತವರಿಗೆ ನಂಬರಿದೆ. ದಂಡೆಯ ಮೇಲೆ ಉಳಿದ ತಾಯಿಗಾಗಿ ಎಷ್ಟು ಪುಟ ತಿರುವಿದರೂ ಸಿಗಲಿಲ್ಲ. ಕೊನೆಗೆ ಚಟದ ನಂಬರನ್ನೇ ಬರೆದೆ.

ನನ್ನ ಅಂಕಿಗಳು ಬಹಳ ದುಂಡಗಿವೆಯೆಂದು ಡಾಕ್ಟರು ಮೆಚ್ಚಿಕೊಂಡರು.