ಕ್ರಿಯಾಪದ ಬರುವ ತನಕ

ನಾನು ಜಗಳಗಂಟಿಯಲ್ಲ. ಪೂರ್ತಿ ಮಾತಾಡಲು ಬಿಟ್ಟರೆ ನನಗೆ ಜಗಳದ ಅಗತ್ಯವೇ ಬೀಳುವುದಿಲ್ಲ. ಆದರೆ ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಯಾರೂ ಬಿಡುತ್ತಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಮಾಡುವುದು ಯಂತ್ರಗಳ ಕೈಪಿಡಿ ತಿದ್ದುವ ಕೆಲಸ. ಇಂಗ್ಲಿಷಿನ ಪಕ್ಕದಲ್ಲಿ ಜಪಾನಿ, ಜರ್ಮನ್ ವಾಕ್ಯಗಳನ್ನಿಟ್ಟು ನೋಡುತ್ತ ನೋಡುತ್ತ ಅವುಗಳ ಮೈಕಟ್ಟಿನ ಹುಚ್ಚು ಹಿಡಿಯಿತು. ಇಂಗ್ಲಿಷು ಆತುರದ ಅತಿಥಿ, ಬಂದ ಕೆಲಸವನ್ನು, ಅಂದರೆ ಕ್ರಿಯಾಪದವನ್ನು, ಬಾಗಿಲಲ್ಲೇ ಹೇಳಿಬಿಡುತ್ತದೆ. ಜರ್ಮನ್ ಒಮ್ಮೆ ಬಾಗಿಲಲ್ಲಿ, ಒಮ್ಮೆ ಹೊರಡುವಾಗ. ಜಪಾನಿಯೋ, ದಾವಣಗೆರೆಯ ನನ್ನ ಸೋದರತ್ತೆಯ ಹಾಗೆ: ಕೂತು, ನೀರು ಕುಡಿದು, ಊರವರನ್ನೆಲ್ಲ ವಿಚಾರಿಸಿ, ಎದ್ದು ಚಪ್ಪಲಿ ಮೆಟ್ಟುವಾಗ ವಿಷಯಕ್ಕೆ ಬರುವುದು. ಕನ್ನಡವೂ ಅದೇ ಮನೆತನ! ದೂರದ ನೆಂಟರು ಸಿಕ್ಕಷ್ಟು ಖುಷಿಯಾಗಿ, ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಗಂಡನಿಗೆ ಅದನ್ನೇ ವಿವರಿಸಿದೆ.

ಈ ವಿದ್ಯೆ ಕೈಹಿಡಿದದ್ದು ಹಿಂದಿನ ಗೇಟಿನ ವಿಷಯದಲ್ಲಿ. ಪಟ್ಟಂದೂರು ಅಗ್ರಹಾರದ ಗೌರಮ್ಮ ದಿನಾ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದದ್ದು ಆ ಸಣ್ಣ ಗೇಟಿನಿಂದ. ಕಳ್ಳರ ಭಯವೆಂದು ಅದಕ್ಕೆ ಗೋಡೆ ಕಟ್ಟುವ ಮಾತು ಎದ್ದಿತು. ದೊಡ್ಡ ಗೇಟಿನಲ್ಲಿ ಮಾರುವವರನ್ನು ಬಿಡುವುದಿಲ್ಲ. ಅಲ್ಲಿಗೆ ಆಕೆಯ ವ್ಯಾಪಾರ ಮುಗಿದಂತೆ. ನನಗೆ ಸಂಕಟವಾಯಿತು. ಮೀಟಿಂಗಿನಲ್ಲಿ ಎದ್ದು ಇಂಗ್ಲಿಷಿನಲ್ಲಿ ಶುರುಮಾಡಿದರೆ, ವಿರೋಧಿಸುತ್ತೇನೆ ಎಂಬುದು ಎರಡನೇ ಪದಕ್ಕೇ ಬಯಲಾಗಿ, ಸೆಕ್ರೆಟರಿ ಮಾಥುರ್ ಬಾಯಿ ಹಾಕುತ್ತಿದ್ದರು.

ಮುಂದಿನ ಮೀಟಿಂಗಿನಲ್ಲಿ ಕನ್ನಡದಲ್ಲಿ ಎದ್ದೆ. ಮಾಥುರ್ ಸೇರಿದಂತೆ ಅರ್ಧ ಸಭೆ ಭಾನುವಾರ ನಾನು ಹೇಳಿಕೊಡುವ ಕನ್ನಡ ಪಾಠಕ್ಕೆ ಬರುವವರೇ. ಅವರ ಹಿಂದಿ, ಬಂಗಾಳಿ, ತೆಲುಗುಗಳೂ ಕ್ರಿಯಾಪದವನ್ನು ಕೊನೆಗೇ ಇಡುವಂಥವು. ಮನೆಮಾತಿನಲ್ಲಿ ಕಾದು ಅಭ್ಯಾಸವಿದ್ದವರೇ ಎಲ್ಲ.

"ಕಳ್ಳರ ಭಯ ನನಗೂ ಇರೋದ್ರಿಂದ," ಅಂದೆ. ಮಾಥುರ್ ತಲೆಯಾಡಿಸಿದರು. "ಆದ್ರೆ ಈ ಗೇಟಿಲ್ದಿದ್ರೆ ಗೌರಮ್ಮನ ಹೊಟ್ಟೆ ಮೇಲೆ ಹೊಡ್ದಂಗಾಗೋದ್ರಿಂದ, ನಿಮ್ಮನೆ ಬಸಳೆ, ದಂಟೂ ಅವಳ ಬುಟ್ಟಿಯಿಂದ್ಲೇ ಬರೋದ್ರಿಂದ, ಹಿಂದಿನ ಗೇಟಿಗೆ ರಾತ್ರಿ ಬೀಗ ಹಾಕ್ಸಿ, ಬೆಳಗ್ಗೆ ಮಾತ್ರ ಅದನ್ನ..."

ಇಲ್ಲಿ ನಿಂತು ನೀರು ಕುಡಿದೆ. ಮಾಥುರ್ ಬಾಯಿ ತೆರೆದೇ ಇದ್ದರು. ಕ್ರಿಯಾಪದವೇ ಬಾರದೆ ಏನನ್ನು ಅಂತ ವಿರೋಧಿಸುವುದು!

"...ತೆಗೀಲೇಬೇಕು."

ಅಷ್ಟರಲ್ಲಿ ಇಡೀ ವಾದ ಅವರ ಕಿವಿಗೆ ಬಿದ್ದಾಗಿತ್ತು. ಬಸಳೆಯ ಮನೆಗಳ ಕೈಗಳು ಮೊದಲು ಎದ್ದವು, ಉಳಿದವು ಹಿಂಬಾಲಿಸಿದವು. ಕೊನೆಗೆ, ರಾತ್ರಿ ಬೀಗ ಬಿದ್ದರೆ ಸಾಕು ಎನ್ನುತ್ತ ಮಾಥುರ್ ಕೂಡ ಕೈ ಎತ್ತಿದರು.

ಬಾವುಟ ಹಿಡಿದವಳಂತೆ ಮನೆಗೆ ಬಂದೆ. ಇಡೀ ಪ್ರಸಂಗವನ್ನು ಉದ್ದವಾಗಿ ಹೇಳಿ, ಗೆಲುವನ್ನು ಕೊನೆಗೆ ಇಡಬೇಕೆಂಬ ಆಸೆ.

"ಇವತ್ತು ಆ ಗೇಟನ್ನ ನಾನು..." ಅಂದೆ.

"ಉಳಿಸ್ಕೊಂಡು ಬಂದಿದೀಯ," ಅಂದ ಗಂಡ, ಅಡುಗೆಮನೆಯಿಂದಲೇ. "ಕೈ ತೊಳ್ಕೊ, ಬಸಳೆ ಸಾರು ಆರುತ್ತೆ."

ಇಡೀ ಸಭೆಯನ್ನು ಕಾಯಿಸಿದ ಕ್ರಿಯಾಪದ, ನನ್ನನ್ನು ಬಲ್ಲ ಒಬ್ಬನನ್ನು ಕಾಯಿಸಲಾರದೆ ಹೋಯಿತು. ಅದೂ ಗೆಲುವೇ ಅನ್ನಿಸಿ, ಎರಡು ಸಲ ಬಡಿಸಿಕೊಂಡು ಉಂಡೆ.