ಮಾಳವ್ವ ಕೇಳಿದ ಸೂಜಿ

ಬ್ಯಾಕ್ಟೀರಿಯಾದ ಬಳಿ ಸೂಜಿ ಇರುತ್ತದೆ ಎಂದರೆ ಓದಿದವರೂ ಸುಲಭಕ್ಕೆ ನಂಬುವುದಿಲ್ಲ. ಕೂಡ್ಲಿಗಿ ಕಡೆಯ ಕುರಿಹಟ್ಟಿಯ ಮಾಳವ್ವ ಕೂಡಲೇ ನಂಬಿದಳು. ತೊಂದರೆಯಾದದ್ದು ಅದರಿಂದಲೇ.

ಅವಳ ಕುರಿಮರಿಗಳಿಗೆ ಭೇದಿ ಹತ್ತಿತ್ತು. ಆ ಭೇದಿಯ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದರ ಸೂಜಿಯ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಮರಿಗಳ ನೀರಾದ ಹಿಕ್ಕೆ ಒಂದು ಸಣ್ಣ ಶೀಸೆಯಷ್ಟು ಸಿಕ್ಕರೆ ಸಾಕಿತ್ತು.

“ಒಂದೇ ಬಗೆಯ ಪ್ರೋಟೀನು ಸುರುಳಿಯಾಗಿ ಪೇರಿಕೊಂಡು ಟೊಳ್ಳು ಸೂಜಿ ಆಗಿರುತ್ತದವ್ವ. ಬ್ಯಾಕ್ಟೀರಿಯಾ ಅದನ್ನು ಕರುಳಿನ ಕೋಶಕ್ಕೆ ತಾಗಿಸಿ, ಬೇರೆ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಆಮೇಲೆ ಕೋಶ ಅದು ಹೇಳಿದಂತೆ ಕೇಳುತ್ತದೆ,” ಎಂದೆ.

“ಕಣ್ಣಿಗೆ ಕಾಣದ್ದು ಬರೂವಾಗ ಸೂಜಿ ತಂದೈತಿ. ನೀವು ಇಷ್ಟು ದೊಡ್ಡ ಗಾಡ್ಯಾಗ ಬಂದೀರಿ, ನಿಮ್ಮ ಸೂಜಿ ಎಲ್ಲೈತ್ರಿ?”

“ನಾನು ಸೂಜಿ ಮಾಡುವವನಲ್ಲ. ಸೂಜಿ ನೋಡುವವನು.”

“ಹಂಗಾದ್ರ ಮಾಡೋರನ್ನ ಕರಕೊಂಡು ಬರ್ರಿ. ಮೊದ್ಲು ಮರಿ ಎದ್ದು ಹಾಲು ಕುಡೀಲಿ, ಆಮ್ಯಾಲ ಎಷ್ಟು ಬೇಕಾದ್ರೂ ಒಯ್ರಿ.”

ಕೊಟ್ಟೂರಿನಿಂದ ಪಶುವೈದ್ಯರನ್ನು ನನ್ನ ಗಾಡಿಯಲ್ಲೇ ಕರೆತಂದೆ. ಅವರು ಮರಿಗಳಿಗೆಲ್ಲ ಬ್ಯಾಕ್ಟೀರಿಯಾ ಕೊಲ್ಲುವ ಮದ್ದಿನ ಸೂಜಿ ಮಾಡಿದರು. ಮುಂದಿನ ವಾರ ಹೋದಾಗ ಮರಿಗಳು ತಾಯಂದಿರ ಕೆಚ್ಚಲಿಗೆ ಗುದ್ದುತ್ತಿದ್ದವು. ಮಾಳವ್ವ ಮಾತು ತಪ್ಪುವವಳಲ್ಲ. ನಾನು ಕೊಟ್ಟ ಶೀಸೆ ಪಕ್ಕಕ್ಕಿಟ್ಟು, ಒಂದು ಬುಟ್ಟಿ ತುಂಬ ಗಟ್ಟಿ ಹಿಕ್ಕೆ ಕೊಟ್ಟಳು.

ಅದರಲ್ಲಿ ನನಗೆ ಬೇಕಾದ ಬ್ಯಾಕ್ಟೀರಿಯಾ ಒಂದೂ ಬೆಳೆಯಲಿಲ್ಲ. ಆದರೆ ವೈದ್ಯರ ಸೂಜಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಪುರಾವೆ ನನ್ನ ವೃತ್ತಿಯಲ್ಲಿ ಇನ್ನೊಂದು ಸಿಕ್ಕಿಲ್ಲ.