ಸ್ಪೇನಿನ ರಾಜನಿಗೆ ಅಳಿಯಕಟ್ಟು

ಎಪ್ಪತ್ತರ ದಶಕದಲ್ಲಿ ನಾನು ದಿನಾ ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದೆ. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಸೋದರಮಾವನದು. ನನ್ನ ಮಾವನ ಷರತ್ತು ಖಡಾಖಂಡಿತ: ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದೇ ಒಂದು ವಿಷಯ ಹೋದರೂ ಕಾಲೇಜು ಬಂದ್, ಬೊಂಬಾಯಿಯ ಸಂಬಂಧಕ್ಕೆ ಒಪ್ಪಿಗೆ. ಆ ವರ ಒಳ್ಳೆಯವನೇ ಇದ್ದಿರಬಹುದು. ನನಗೆ ಮಾತ್ರ ಓದಬೇಕಿತ್ತು.

ಕಾಪುವಿನಿಂದ ಕಾರ್ಕಳದವರೆಗೆ ಯಾರ ಮನೆ ಪಾಲಾಗುವುದಿದ್ದರೂ ಪಂಚಾತಿಕೆಗೆ ಮಾವನೇ ಬೇಕು. ವೀಳ್ಯದ ಹರಿವಾಣದಲ್ಲಿ ಗದ್ದೆಗೊಂದು ಅಡಿಕೆ ಇಟ್ಟು ತೀರ್ಪು ಹೇಳಿದರೆ ಮುಗಿಯಿತು, ಮತ್ತೆ ಮಾತಿಲ್ಲ. ಅಂಥವರ ಎದುರು ನಾನು ಚರಿತ್ರೆ ಪರೀಕ್ಷೆಗೆಂದು, ಯುರೋಪಿನ ರಾಜರು ಯುದ್ಧ ಮುಗಿಸಿ ನೆಲ ಪಾಲು ಮಾಡಿಕೊಂಡ ಉಟ್ರೆಕ್ಟ್ ಒಪ್ಪಂದವನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ.

"ಯಾರ ಆಸ್ತಿ ಅದು?" ಎಂದರು ಮಾವ.

"ಸ್ಪೇನಿನ ರಾಜನದು. ಅವನಿಗೆ ಮಕ್ಕಳಿರಲಿಲ್ಲ. ಅಕ್ಕನ ಮೊಮ್ಮಗನಿಗೆ ಪಟ್ಟ ಬರೆದಿಟ್ಟು ಸತ್ತ. ಆ ಹುಡುಗ ಫ್ರಾನ್ಸಿನವ ಅಂತ ಇಂಗ್ಲಿಷರು ಯುದ್ಧಕ್ಕೆ ಹೋದರು."

"ಅಕ್ಕನ ಸಂತಾನಕ್ಕಲ್ಲದೆ ಮತ್ತೆ ಯಾರಿಗೆ ಕೊಡುವುದು ಮಾರಾಯ್ತಿ? ಇದರಲ್ಲಿ ಜಗಳ ಎಂತ ಉಂಟು?"

ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ದ್ವೀಪದ ವಿಷಯ ಹೇಳಿದೆ. ನಡುವೆ ಇಂಗ್ಲಿಷರು, ಎರಡು ತುದಿಗಳಲ್ಲಿ ಫ್ರೆಂಚರು. ಯುದ್ಧ ಮುಗಿದು ಒಪ್ಪಂದವಾದಾಗ ಎರಡೂ ತುದಿಗಳು ಇಂಗ್ಲಿಷರ ಪಾಲಾದವು. ಮಾವ ಸಾಲಾಗಿ ಮೂರು ಅಡಿಕೆ ಇಟ್ಟರು. ತುದಿಯ ಎರಡನ್ನು ಬೇರೆ ಸರಿಸಿದರು.

"ಸಾಧ್ಯವೇ ಇಲ್ಲ. ಅಕ್ಕನ ಸಂತಾನ ಅಲ್ಲಿಯದಾದ ಮೇಲೆ ನ್ಯಾಯ ಫ್ರೆಂಚರ ಕಡೆ ಉಂಟು. ತುದಿ ಅವರದ್ದೇ."

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಪುಸ್ತಕದ ಸಾಲು ಒಂದೂ ನೆನಪಾಗಲಿಲ್ಲ, ಅಡಿಕೆ ಮೂರೂ ನೆನಪಾದವು. ತುದಿಗಳು ಫ್ರೆಂಚರಿಗೇ ಉಳಿದವೆಂದು ಎರಡು ಪುಟ ಭರ್ಜರಿಯಾಗಿ ಬರೆದೆ. ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಚರಿತ್ರೆಯ ಮೇಷ್ಟ್ರು ಅದಕ್ಕೆ ಸೊನ್ನೆ ಕೊಟ್ಟು, 'ಯಾವ ಪುಸ್ತಕದಲ್ಲಿದೆ?' ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದರು. ಎರಡು ಅಂಕದಲ್ಲಿ ನಾನು ಫೇಲ್.

ಉತ್ತರಪತ್ರಿಕೆಯನ್ನು ಮಾವನ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ತಮ್ಮದೇ ತೀರ್ಪನ್ನು ಕೊನೆಯವರೆಗೆ ಓದಿದರು.

"ಈ ಮೇಷ್ಟ್ರಿಗೆ ಅಳಿಯಕಟ್ಟು ಗೊತ್ತಿಲ್ಲ" ಎಂದು ಗುಡುಗಿದರು.

ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: "ಅಣ್ಣಾ, ಆ ಹುಡುಗ ಅಕ್ಕನ ಮಗಳ ಮಗನಾ, ಮಗನ ಮಗನಾ?"

ಮಾವ ನನ್ನನ್ನು ನೋಡಿದರು. "ಮಗನ ಮಗ" ಎಂದೆ.

"ಹಾಗಾದರೆ ಅವ ಅವನ ತಾಯಿಮನೆಯವ ಅಲ್ವಾ? ರಾಜನ ಮನೆಯಲ್ಲಿ ಅವನಿಗೆ ಎಂತ ಪಾಲು?" ಎಂದಳು ಅಮ್ಮ.

ಜೀವಮಾನದಲ್ಲಿ ಮೊದಲ ಸಲ ಮಾವನ ತೀರ್ಪು ಅವರದೇ ಕಟ್ಟಳೆಯಲ್ಲಿ ಬಿದ್ದುಹೋಗಿತ್ತು, ಅದೂ ಮೀನು ಕೊಯ್ಯುವ ತಂಗಿಯ ಕೈಯಲ್ಲಿ. ನನಗೆ ನಗು ಬಂತು, ಅಳುವೂ ಬಂತು. ಅವರು ಒಂದು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ ಪತ್ರಿಕೆಯನ್ನು ಜೋಪಾನವಾಗಿ ಮಡಚಿ ನನಗೆ ಕೊಟ್ಟರು.

"ಬೊಂಬಾಯಿಯವರಿಗೆ ನಾನೇ ಬರೆಯುತ್ತೇನೆ. ಫೇಲ್ ಆದದ್ದು ನಾನು ಮಗಾ. ನಿನ್ನ ಕಾಲೇಜು ಯಾಕೆ ನಿಲ್ಲಬೇಕು?"